ಹೊಸ ತಂಡಕ್ಕೆ ನಿಮ್ಮ ಕೆಲಸದ ರೀತಿ ಹೇಳಿಕೊಳ್ಳುವುದು ಹೇಗೆ?

ಹೊಸ ತಂಡ ಸೇರಿದ ಮೊದಲ ವಾರಗಳಲ್ಲಿ ಎಲ್ಲರೂ ಒಬ್ಬರ ಬಗ್ಗೆ ಒಬ್ಬರು ಊಹೆ ಮಾಡುತ್ತಿರುತ್ತಾರೆ. ನೀವು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟರೆ ‘ಕೋಪ ಬಂದಿರಬೇಕು’ ಅಂದುಕೊಳ್ಳುತ್ತಾರೆ. ಮೀಟಿಂಗ್‌ನಲ್ಲಿ ಸುಮ್ನೆ ಕೂತರೆ ‘ಇವರಿಗೆ ಆಸಕ್ತಿ ಇಲ್ಲ’ ಅಂತ. ಫೋನ್ ಎತ್ತದಿದ್ದರೆ ‘ತಪ್ಪಿಸಿಕೊಳ್ಳುತ್ತಿದ್ದಾರೆ’ ಅಂತ. ನಿಜ ಏನೆಂದರೆ ನೀವು ಚಿಕ್ಕದಾಗಿ ಬರೆಯುವವರು, ಎಲ್ಲ ಕೇಳಿಸಿಕೊಂಡು ಆಮೇಲೆ ಯೋಚಿಸುವವರು, ಮಾತಿಗಿಂತ ಬರಹದಲ್ಲಿ ಚೆನ್ನಾಗಿ ವಿವರಿಸುವವರು. ಅಷ್ಟೇ. ಅವರು ಕೇಳಲಿಲ್ಲ, ನೀವೂ ಹೇಳಲಿಲ್ಲ.

ಹೇಳದೆ ಇರುವುದಕ್ಕೆ ಒಂದು ಕಾರಣ ಸಂಕೋಚ. ಇನ್ನೊಂದು ಕಾರಣ, ಇದೆಲ್ಲ ಎದುರಿನವರಿಗೆ ತಾನಾಗೇ ಗೊತ್ತಾಗುತ್ತದೆ ಅನ್ನುವ ನಂಬಿಕೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವ ಸಂಶೋಧಕಿ ಒಂದು ಸರಳ ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡನ್ನು ಮನಸ್ಸಿನಲ್ಲಿ ಹಾಡಿಕೊಳ್ಳುತ್ತಾ ಅದರ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಕುಟ್ಟಬೇಕು, ಇನ್ನೊಬ್ಬರು ಅದು ಯಾವ ಹಾಡು ಅಂತ ಹೇಳಬೇಕು. ಅರ್ಧಕ್ಕರ್ಧ ಹಾಡು ಗುರುತು ಸಿಗುತ್ತದೆ ಅಂತ ಕುಟ್ಟುವವರು ಅಂದುಕೊಂಡಿದ್ದರು. ಕುಟ್ಟಿದ 120 ಹಾಡುಗಳಲ್ಲಿ ಕೇಳುವವರಿಗೆ ಗೊತ್ತಾಗಿದ್ದು ಬರೀ 3. ಕುಟ್ಟುವವರ ತಲೆಯಲ್ಲಿ ಇಡೀ ಹಾಡು ಓಡುತ್ತಿರುತ್ತದೆ. ಕೇಳುವವರಿಗೆ ಬರೀ ಟಕ್ ಟಕ್ ಸದ್ದು.

ಕೆಲಸದ ಜಾಗದಲ್ಲೂ ಹೀಗೇ ಆಗುತ್ತದೆ. ನಿಮ್ಮ ನಡವಳಿಕೆ ಅವರಿಗೆ ಕಾಣುತ್ತದೆ, ಹಿಂದಿನ ಕಾರಣ ಕಾಣುವುದಿಲ್ಲ. ಆ ಕಾರಣವನ್ನು ಯಾವಾಗ, ಎಷ್ಟು, ಯಾವ ಮಾತಿನಲ್ಲಿ ಹೇಳಬೇಕು ಅನ್ನುವುದೇ ಈ ಲೇಖನ.

ಹಂತ 1: ಮೊದಲು ನಿಮ್ಮನ್ನೇ ಗಮನಿಸಿ

‘ನಿಮ್ಮ ಕೆಲಸದ ರೀತಿ ಏನು’ ಅಂತ ಯಾರಾದರೂ ಥಟ್ಟನೆ ಕೇಳಿದರೆ ಹೆಚ್ಚಿನವರು ಸಂದರ್ಶನದಲ್ಲಿ ಹೇಳುವಂಥ ಉತ್ತರ ಕೊಡುತ್ತಾರೆ. ‘ನಾನು ಎಲ್ಲರ ಜೊತೆ ಹೊಂದಿಕೊಳ್ಳುತ್ತೇನೆ, ಒತ್ತಡದಲ್ಲೂ ಕೆಲಸ ಮಾಡುತ್ತೇನೆ.’ ಇದರಿಂದ ಯಾರಿಗೂ ಉಪಯೋಗ ಇಲ್ಲ. ನಮ್ಮ ಬಗ್ಗೆ ನಮಗೆ ಗೊತ್ತಿರುವುದು ನಾವು ಅಂದುಕೊಂಡಿದ್ದಕ್ಕಿಂತ ಕಡಿಮೆ.

ಅದಕ್ಕೇ ಒಂದು ವಾರ ಕೆಲಸ ಮುಗಿಸುವ ಮುಂಚೆ ಎರಡು ಮೂರು ಸಾಲು ಬರೆದಿಡಿ. ಇವತ್ತು ಯಾವ ಸಂದೇಶಕ್ಕೆ ತಕ್ಷಣ ಉತ್ತರ ಕೊಟ್ಟೆ, ಯಾವುದನ್ನು ಮುಂದೂಡಿದೆ, ಯಾಕೆ? ತಲೆಗೆ ಜಾಸ್ತಿ ಕೆಲಸ ಕೊಡುವಂಥದ್ದನ್ನು ಯಾವ ಹೊತ್ತಿನಲ್ಲಿ ಸಲೀಸಾಗಿ ಮಾಡಿದೆ? ಯಾರ ಯಾವ ನಡವಳಿಕೆಗೆ ಕಿರಿಕಿರಿ ಆಯಿತು? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೇ ಹೆಚ್ಚು ಬೆಲೆಯುಳ್ಳದ್ದು. ಕಿರಿಕಿರಿ ಆದ ಕಡೆ ನೀವು ಬಾಯಿಬಿಟ್ಟು ಹೇಳದ ಒಂದು ನಿರೀಕ್ಷೆ ಇರುತ್ತದೆ.

ಎಷ್ಟೇ ಗಮನಿಸಿದರೂ ನಮಗೆ ಕಾಣದ ಒಂದು ಭಾಗ ಉಳಿಯುತ್ತದೆ. ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಅನ್ನುವ ಮನಃಶಾಸ್ತ್ರಜ್ಞರು 1955ರಲ್ಲಿ ಮಾಡಿದ ‘ಜೊಹಾರಿ ಕಿಟಕಿ’ ಅನ್ನುವ ನಕ್ಷೆಯಲ್ಲಿ ಇದಕ್ಕೇ ಒಂದು ಮನೆ ಇದೆ: ಬೇರೆಯವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಆ ಮನೆಯಲ್ಲಿ ಏನಿದೆ ಅಂತ ತಿಳಿಯಲು ಹಿಂದೆ ನಿಮ್ಮ ಜೊತೆ ಕೆಲಸ ಮಾಡಿದ, ಮುಲಾಜಿಲ್ಲದೆ ಮಾತಾಡುವ ಒಬ್ಬರನ್ನು ಕೇಳಿ. ‘ನನ್ನ ಬಗ್ಗೆ ನಿಮ್ಮ ಅಭಿಪ್ರಾಯ ಏನು’ ಅಂತ ಕೇಳಿದರೆ ಹೊಗಳಿ ಸುಮ್ಮನಾಗುತ್ತಾರೆ. ಹೀಗೆ ಕೇಳಿ ನೋಡಿ: ‘ನಾಳೆಯಿಂದ ನನ್ನ ಜೊತೆ ಕೆಲಸ ಶುರು ಮಾಡುವವರಿಗೆ ನೀವು ಒಂದೇ ಒಂದು ಮಾತು ಮೊದಲೇ ಹೇಳಬೇಕು ಅಂದ್ರೆ ಏನು ಹೇಳ್ತೀರಿ?’ ಈ ಪ್ರಶ್ನೆಗೆ ಸಿಗುವ ಉತ್ತರ ಕೆಲವೊಮ್ಮೆ ಸ್ವಲ್ಪ ನೋಯಿಸಬಹುದು. ಆದರೆ ನಿಮ್ಮ ಪಟ್ಟಿಯಲ್ಲಿ ಮೊದಲು ಬರೆಯಬೇಕಾದ ಸಾಲು ಅದೇ.

ಹಂತ 2: ಅಗತ್ಯ, ಇಷ್ಟ, ಅಭ್ಯಾಸ ಬೇರೆ ಬೇರೆ ಮಾಡಿ

ಬರೆದುಕೊಂಡಿದ್ದನ್ನೆಲ್ಲ ಮುಂದೆ ಇಟ್ಟುಕೊಂಡು ಮೂರು ಗುಂಪು ಮಾಡಿ.

ಮೊದಲನೆಯದು ಅಗತ್ಯ. ಇದು ಇಲ್ಲದಿದ್ದರೆ ಕೆಲಸ ಆಗುವುದಿಲ್ಲ, ಅಥವಾ ಬದುಕು ನಡೆಯುವುದಿಲ್ಲ. ಒಂದು ಕಿವಿ ಸರಿಯಾಗಿ ಕೇಳಿಸದಿರುವುದು, ಮಗುವನ್ನು ಶಾಲೆಯಿಂದ ಕರೆತರುವ ಹೊತ್ತು, ಬೇರೆ ದೇಶದ ಸಮಯದಲ್ಲಿ ಕೆಲಸ ಮಾಡುವುದು ಇಂಥವು. ಎರಡನೆಯದು ಇಷ್ಟ. ಹೀಗಾದರೆ ಚೆನ್ನಾಗಿ ಮಾಡುತ್ತೇನೆ, ಬೇರೆ ಥರ ಆದರೂ ನಡೆಯುತ್ತದೆ. ಮೂರನೆಯದು ಬರೀ ಅಭ್ಯಾಸ. ಹಳೆಯ ತಂಡದಲ್ಲಿ ಹಾಗಿತ್ತು, ಇಲ್ಲೂ ಹಾಗೇ ಇರಲಿ ಅಂತ ಮನಸ್ಸು ಹೇಳುತ್ತದೆ, ಬೇರೆ ಕಾರಣ ಇಲ್ಲ.

ಅಭ್ಯಾಸಗಳನ್ನು ಹೊಸ ತಂಡದ ಮುಂದೆ ಇಡಬೇಡಿ. ಹೊಸ ತಂಡದಲ್ಲಿ ಆಗಲೇ ಅದರದ್ದೇ ಅಭ್ಯಾಸಗಳಿರುತ್ತವೆ. ಇಷ್ಟಗಳನ್ನು ಹೇಳಿ, ಅವು ಇಷ್ಟ ಮಾತ್ರ ಅಂತಲೂ ಹೇಳಿ. ಅಗತ್ಯಗಳನ್ನು ಮಾತ್ರ ಸಂಕೋಚ ಇಲ್ಲದೆ, ಗಟ್ಟಿಯಾಗಿ, ಮೊದಲ ವಾರವೇ ಹೇಳಿಬಿಡಿ. ನಾನು ನೋಡಿದ ಮಟ್ಟಿಗೆ ಜನ ಮಾಡುವುದು ಇದಕ್ಕೆ ಉಲ್ಟಾ. ಸಣ್ಣ ಇಷ್ಟಗಳನ್ನು ದೊಡ್ಡ ದನಿಯಲ್ಲಿ ಹೇಳುತ್ತಾರೆ. ನಿಜವಾದ ಅಗತ್ಯವನ್ನು ‘ಏನಂದುಕೊಳ್ತಾರೋ’ ಅಂತ ತಿಂಗಳುಗಟ್ಟಲೆ ನುಂಗಿಕೊಂಡು ಕೊನೆಗೆ ಸಿಡಿಯುತ್ತಾರೆ.

ಆರೋಗ್ಯದ ವಿಷಯ ಇದ್ದರೆ ಕಾಯಿಲೆಯ ಹೆಸರು, ಚಿಕಿತ್ಸೆ, ಹಿನ್ನೆಲೆ ಯಾವುದನ್ನೂ ಸಹೋದ್ಯೋಗಿಗಳಿಗೆ ಹೇಳಲೇಬೇಕು ಅಂತಿಲ್ಲ. ಅವರು ಏನು ಮಾಡಬೇಕೋ ಅಷ್ಟು ಹೇಳಿದರೆ ಸಾಕು. ‘ಎಡಗಡೆಯಿಂದ ಮಾತಾಡಿದರೆ ನನಗೆ ಸರಿಯಾಗಿ ಕೇಳಿಸಲ್ಲ, ಬಲಗಡೆ ಬಂದು ಕೂತ್ಕೊಳ್ಳಿ.’ ಈ ಮಾತಿಗೆ ಯಾರೂ ಕಾರಣ ಕೇಳುವುದಿಲ್ಲ. ಕೇಳಿದರೂ ಹೇಳುವುದು ಬಿಡುವುದು ನಿಮ್ಮಿಷ್ಟ.

ಹಂತ 3: ಸ್ವಭಾವ ಬೇಡ, ಕೆಲಸ ಹೇಳಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಎಲ್ಲ ನಿಂತಿರುವುದು ಇದರ ಮೇಲೆ.

‘ನಾನು ನೇರ ಮಾತಿನವನು.’ ‘ನನಗೆ ಅಚ್ಚುಕಟ್ಟು ಬೇಕು.’ ‘ನಾನು ಅಂತರ್ಮುಖಿ.’ ಇವೆಲ್ಲ ಸ್ವಭಾವದ ಮಾತು. ಕೇಳಿದವರು ತಲೆ ಆಡಿಸುತ್ತಾರೆ, ಆಮೇಲೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಾಗುವುದಿಲ್ಲ. ನೇರ ಮಾತು ಅಂದರೆ ಒಬ್ಬರಿಗೆ ಪ್ರಾಮಾಣಿಕತೆ, ಇನ್ನೊಬ್ಬರಿಗೆ ಒರಟುತನ. ವ್ಯಕ್ತಿತ್ವ ಪರೀಕ್ಷೆಗಳಲ್ಲಿ ಬರುವ ನಾಲ್ಕು ಅಕ್ಷರದ ಗುರುತುಗಳದ್ದೂ ಇದೇ ಕತೆ. ಅವನ್ನು ನೋಡಿ ನಿಮಗೆ ಫೋನ್ ಮಾಡಬೇಕೋ ಸಂದೇಶ ಕಳಿಸಬೇಕೋ ಅಂತ ಯಾರೂ ತೀರ್ಮಾನ ಮಾಡಲಾರರು.

ಪ್ರತಿ ಸಾಲನ್ನೂ ಹೀಗೆ ಪರೀಕ್ಷಿಸಿ: ಇದನ್ನು ಓದಿದವರು ನಾಳೆ ಬೆಳಗ್ಗೆ ಏನಾದರೂ ಬೇರೆ ಥರ ಮಾಡಲು ಸಾಧ್ಯವೇ? ಸಾಧ್ಯ ಇಲ್ಲದಿದ್ದರೆ ಆ ಸಾಲು ಇನ್ನೂ ಸಿದ್ಧವಾಗಿಲ್ಲ.

‘ನಾನು ನೇರ ಮಾತಿನವಳು’ ಅನ್ನುವುದನ್ನು ತಿದ್ದಿದರೆ ಹೀಗಾಗುತ್ತದೆ: ‘ನಿಮ್ಮ ಕೆಲಸ ನೋಡಿ ಟಿಪ್ಪಣಿ ಬರೆಯುವಾಗ ನಾನು ಸರಿಪಡಿಸಬೇಕಾದ್ದನ್ನು ಮಾತ್ರ ಬರೆಯುತ್ತೇನೆ. ಉಳಿದದ್ದೆಲ್ಲ ಚೆನ್ನಾಗಿದೆ ಅಂತಲೇ ಅರ್ಥ. ಓದಿ ಬೇಜಾರಾದರೆ ದಯವಿಟ್ಟು ಹೇಳಿ, ಎದುರಿಗೆ ಕೂತು ಮಾತಾಡೋಣ.’

‘ನನಗೆ ಏಕಾಗ್ರತೆ ಬೇಕು’ ಅನ್ನುವುದು ಹೀಗಾಗುತ್ತದೆ: ‘ಬೆಳಗ್ಗೆ 10ರಿಂದ 12ರವರೆಗೆ ಸಂದೇಶ ನೋಡುವುದಿಲ್ಲ. ಆಗ ಬಂದಿದ್ದಕ್ಕೆಲ್ಲ 12 ಗಂಟೆಗೆ ಉತ್ತರ ಕೊಡುತ್ತೇನೆ. ಅಲ್ಲಿಯವರೆಗೆ ಕಾಯಲು ಆಗದ ಕೆಲಸ ಇದ್ದರೆ ಫೋನ್ ಮಾಡಿ, ಎತ್ತುತ್ತೇನೆ.’

‘ನಾನು ನಿಧಾನಕ್ಕೆ ಯೋಚಿಸುವವನು’ ಹೀಗಾಗುತ್ತದೆ: ‘ಮೀಟಿಂಗ್‌ನಲ್ಲಿ ಹೊಸ ವಿಷಯ ಬಂದರೆ ನಾನು ಆಗಲೇ ಮಾತಾಡದೆ ಇರಬಹುದು. ವಿಷಯ ಹಿಂದಿನ ದಿನವೇ ಗೊತ್ತಾದರೆ ಯೋಚಿಸಿಕೊಂಡು ಬರುತ್ತೇನೆ. ಗೊತ್ತಾಗದಿದ್ದರೆ ಆ ದಿನ ಸಂಜೆಯೊಳಗೆ ಬರೆದು ಕಳಿಸುತ್ತೇನೆ.’

ಮೂರರಲ್ಲೂ ಒಂದೇ ಕಟ್ಟು ಇದೆ, ಗಮನಿಸಿ. ನಾನು ಏನು ಮಾಡುತ್ತೇನೆ, ನೀವು ಏನು ಮಾಡಬಹುದು, ಅದಕ್ಕೆ ಪ್ರತಿಯಾಗಿ ನನ್ನ ಕಡೆಯಿಂದ ಏನು ಸಿಗುತ್ತದೆ. ಮೂರನೆಯ ಭಾಗ ಬಿಟ್ಟರೆ ಉಳಿಯುವುದು ಬೇಡಿಕೆಗಳ ಪಟ್ಟಿ. ‘10ರಿಂದ 12ರವರೆಗೆ ನನ್ನನ್ನು ಮಾತಾಡಿಸಬೇಡಿ’ ಅಂತ ಅಲ್ಲಿಗೇ ನಿಲ್ಲಿಸಿದರೆ ಓದಿದವರಿಗೆ ಮುಖದ ಮೇಲೆ ಬಾಗಿಲು ಹಾಕಿದ ಹಾಗಾಗುತ್ತದೆ. ‘12 ಗಂಟೆಗೆ ಉತ್ತರ ಖಂಡಿತ’ ಅಂತ ಸೇರಿಸಿದರೆ ಅವರಿಗೂ ತಮ್ಮ ಕೆಲಸ ಹೊಂದಿಸಿಕೊಳ್ಳಲು ಒಂದು ಆಧಾರ ಸಿಗುತ್ತದೆ.

ಕಾರಣವನ್ನೂ ಒಂದು ಸಾಲಿನಲ್ಲಿ ಸೇರಿಸಿ. ಕಾರಣ ಗೊತ್ತಿದ್ದವರು ನಿಮ್ಮ ಪಟ್ಟಿಯಲ್ಲಿ ಇಲ್ಲದ ಸಂದರ್ಭ ಬಂದಾಗಲೂ ಸರಿಯಾಗಿ ಊಹಿಸುತ್ತಾರೆ. ಏಕಾಗ್ರತೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಳೆಯ ಕೆಲಸದಲ್ಲೇ ಉಳಿಯುತ್ತದೆ. ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ತೋರಿಸಿದರು. ಮೊದಲ ಕೆಲಸ ಮುಗಿಯದೆ ಎದ್ದು ಬಂದವರು ಮುಂದಿನ ಕೆಲಸವನ್ನೂ ಅಷ್ಟು ಚೆನ್ನಾಗಿ ಮಾಡುವುದಿಲ್ಲ. ಹಾಗಾಗಿ ‘ಲೆಕ್ಕ ಹಾಕುವಾಗ ಮಧ್ಯೆ ಎದ್ದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ’ ಅಂತ ಹೇಳಿ ನೋಡಿ. ನೀವು ಲೆಕ್ಕ ಮಾಡುತ್ತಿಲ್ಲದ ಹೊತ್ತಿನಲ್ಲಿ ಜನ ಹಿಂಜರಿಯದೆ ಬಂದು ಮಾತಾಡಿಸುತ್ತಾರೆ.

ಹಂತ 4: ಯಾವ ವಿಷಯಗಳನ್ನು ಹೇಳಲೇಬೇಕು?

ಎಲ್ಲವನ್ನೂ ಹೇಳಲು ಹೋಗಬೇಡಿ. ಸಹೋದ್ಯೋಗಿಗಳು ತಪ್ಪು ತಿಳಿಯುವ ಸಾಧ್ಯತೆ ಜಾಸ್ತಿ ಇರುವ ಕೆಲವೇ ಜಾಗಗಳಿವೆ.

*ಉತ್ತರದ ಸಮಯ.* ಇಮೇಲ್, ಚಾಟ್, ಫೋನ್, ಕಡತದ ಮೇಲಿನ ಟಿಪ್ಪಣಿ, ಇವುಗಳಲ್ಲಿ ಯಾವುದಕ್ಕೆ ಎಷ್ಟು ಹೊತ್ತಿನಲ್ಲಿ ಉತ್ತರ ನಿರೀಕ್ಷಿಸಬಹುದು ಅಂತ ಹೇಳಿ. ‘ಆದಷ್ಟು ಬೇಗ’ ಅನ್ನುವುದು ಉತ್ತರ ಅಲ್ಲ. ‘ಚಾಟ್‌ಗೆ ಎರಡು ಗಂಟೆಯೊಳಗೆ, ಇಮೇಲ್‌ಗೆ ಮರುದಿನ ಸಂಜೆಯೊಳಗೆ’ ಅನ್ನುವುದು ಉತ್ತರ. ನೀವು ಪಾಲಿಸಲು ಆಗುವ ಸಮಯ ಹೇಳಿ. ಕಡಿಮೆ ಸಮಯ ಹೇಳಿ ತಪ್ಪುವುದಕ್ಕಿಂತ ಜಾಸ್ತಿ ಹೇಳಿ ಉಳಿಸಿಕೊಳ್ಳುವುದು ಒಳ್ಳೆಯದು.

*ತುರ್ತು ಅಂದರೆ ಏನು.* ಒಂದೇ ತಂಡದಲ್ಲಿ ಒಬ್ಬರಿಗೆ ‘ಅರ್ಜೆಂಟ್’ ಅಂದರೆ ಈ ಕ್ಷಣ, ಇನ್ನೊಬ್ಬರಿಗೆ ಇವತ್ತು, ಮತ್ತೊಬ್ಬರಿಗೆ ಈ ವಾರ. ಎಲ್ಲ ಸಂದೇಶದಲ್ಲೂ ಆ ಪದ ಬರುತ್ತಿದ್ದರೆ ಕೊನೆಗೆ ನಿಜವಾದ ತುರ್ತಿಗೂ ಯಾರೂ ಓಡಿ ಬರುವುದಿಲ್ಲ. ಹಾಗಾಗಿ ನಿಮಗೆ ಕಳಿಸುವ ಕೆಲಸದಲ್ಲಿ ಗಂಟೆ, ದಿನ ಬರೆಯಲು ಕೇಳಿಕೊಳ್ಳಿ. ‘ಗುರುವಾರ ಮಧ್ಯಾಹ್ನ 3ಕ್ಕೆ ಬೇಕು, ಗ್ರಾಹಕರ ಜೊತೆ 4ಕ್ಕೆ ಮೀಟಿಂಗ್ ಇದೆ’ ಅಂತ ಬಂದರೆ ನಿಮ್ಮ ಉಳಿದ ಕೆಲಸವನ್ನು ನೀವೇ ಹಿಂದೆ ಮುಂದೆ ಮಾಡಿಕೊಳ್ಳಬಹುದು. ಜೊತೆಗೆ ತುರ್ತಿಗೆ ಒಂದೇ ದಾರಿ ಇಡಿ, ಆ ದಾರಿ ಯಾವಾಗಲೂ ತೆರೆದಿರಲಿ. ಫೋನ್ ಅಂತ ಹೇಳಿದರೆ ಫೋನ್ ಎತ್ತಬೇಕು.

*ಕೆಲಸದ ಹೊತ್ತಿನ ಆಚೆ.* ರಾತ್ರಿ 11ಕ್ಕೆ ಸಂದೇಶ ಕಳಿಸುವವರು ನೀವಾಗಿದ್ದರೆ ಇದನ್ನು ಮೊದಲು ಹೇಳಿ. ಕಳಿಸಿದವರು ‘ಬೆಳಗ್ಗೆ ನೋಡಲಿ’ ಅಂದುಕೊಂಡಿರುತ್ತಾರೆ, ಪಡೆದವರು ‘ಈಗಲೇ ಉತ್ತರ ಕೊಡಬೇಕೇನೋ’ ಅಂತ ಊಟ ಬಿಟ್ಟು ಎದ್ದಿರುತ್ತಾರೆ. ‘ರಾತ್ರಿ ಬಂದಿದ್ದಕ್ಕೆ ರಾತ್ರಿಯೇ ಉತ್ತರ ಬೇಡ’ ಅಂತ ಹೇಳುವುದು ಒಳ್ಳೆಯದು. ಇನ್ನೂ ಒಳ್ಳೆಯದು, ಸಂದೇಶವನ್ನೇ ಬೆಳಗ್ಗೆಗೆ ಹೊಂದಿಸಿ ಕಳಿಸುವುದು. ಜಿಮೇಲ್‌ನಲ್ಲಿ 2019ರಿಂದ ಈ ಸೌಲಭ್ಯ ಇದೆ, ಔಟ್‌ಲುಕ್ ಮತ್ತು ಸ್ಲ್ಯಾಕ್‌ನಲ್ಲೂ ಇದೆ.

*ಬರಹದ ದನಿ.* ಇಲ್ಲಿ ಎಲ್ಲರೂ ಎಡವುತ್ತಾರೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರು ಇಮೇಲ್‌ನಲ್ಲಿ ಗಂಭೀರವಾಗಿಯೂ ವ್ಯಂಗ್ಯವಾಗಿಯೂ ಮಾತುಗಳನ್ನು ಬರೆದು ಕಳಿಸಿದರು. ಯಾವುದು ಗಂಭೀರ, ಯಾವುದು ವ್ಯಂಗ್ಯ ಅಂತ ಓದುವವರಿಗೆ ಸುಲಭವಾಗಿ ಗೊತ್ತಾಗುತ್ತದೆ ಅಂತ ಬರೆದವರು ನಂಬಿದ್ದರು. ಓದಿದವರು ಸರಿಯಾಗಿ ಹೇಳಿದ್ದು ನಾಣ್ಯ ಚಿಮ್ಮಿ ಹೇಳಿದಷ್ಟಕ್ಕಿಂತ ಸ್ವಲ್ಪವೇ ಜಾಸ್ತಿ. ಅವರಿಗೂ ತಾವು ಸರಿಯಾಗಿ ಓದಿದ್ದೇವೆ ಅನ್ನುವ ನಂಬಿಕೆ ಇತ್ತು. ಅಂದರೆ ತಪ್ಪು ತಿಳಿದುಕೊಂಡಿದ್ದೇವೆ ಅನ್ನುವ ಅನುಮಾನವೇ ಎರಡೂ ಕಡೆ ಬರುವುದಿಲ್ಲ. ಅದಕ್ಕೇ ನಿಮ್ಮ ಬರಹದ ಗುರುತುಗಳನ್ನು ಮೊದಲೇ ಹೇಳಿಬಿಡಿ. ‘ನಾನು ಸರಿ ಅಂತ ಒಂದೇ ಪದ ಬರೆದರೆ ಒಪ್ಪಿಗೆ ಇದೆ ಅಂತಷ್ಟೇ ಅರ್ಥ. ಏನಾದರೂ ಬೇಜಾರಿದ್ದರೆ ಬರೆಯುವುದಿಲ್ಲ, ಬಂದು ಮಾತಾಡುತ್ತೇನೆ.’ ಇಷ್ಟು ಗೊತ್ತಿದ್ದರೆ ಯಾರೂ ನಿಮ್ಮ ಒಂದು ಪದವನ್ನು ಇಟ್ಟುಕೊಂಡು ಇಡೀ ಸಂಜೆ ಕೊರಗುವುದಿಲ್ಲ.

*ತಪ್ಪು ಹೇಳುವುದು, ಕೇಳುವುದು.* ನಿಮ್ಮ ಕೆಲಸದಲ್ಲಿ ದೋಷ ಕಂಡರೆ ಹೇಗೆ ಹೇಳಬೇಕು? ಎಲ್ಲರ ಮುಂದೆ ನಡೆಯುತ್ತದೆಯೋ, ಒಬ್ಬರೇ ಇದ್ದಾಗಲೋ? ಆಗಲೇ ಹೇಳಬೇಕೋ, ಬರೆದು ಕೊಟ್ಟರೆ ಓದಿಕೊಂಡು ಬಂದು ಮಾತಾಡುತ್ತೀರೋ? ಟೀಕೆ ಕೇಳಿದ ತಕ್ಷಣ ನಿಮ್ಮ ಮುಖ ಗಂಟಾಗುತ್ತದೆ, ಆದರೆ ಒಂದು ಗಂಟೆಯಲ್ಲಿ ಸರಿಹೋಗುತ್ತದೆ ಅಂತಾದರೆ ಅದನ್ನೂ ಹೇಳಿ. ಗೊತ್ತಿಲ್ಲದವರು ಒಮ್ಮೆ ಆ ಮುಖ ನೋಡಿದರೆ ಮತ್ತೆ ಎಂದೂ ನಿಮಗೆ ನಿಜ ಹೇಳುವುದಿಲ್ಲ. ಆ ನಷ್ಟ ದೊಡ್ಡದು.

*ಒಪ್ಪಿಗೆ ಇಲ್ಲದಾಗ.* ಕೆಲವರು ಮುಖಕ್ಕೇ ‘ಇದು ಆಗಲ್ಲ’ ಅನ್ನುತ್ತಾರೆ. ಕೆಲವರು ‘ನೋಡೋಣ’ ಅಂತ ಹೇಳಿ ಸುಮ್ಮನಾಗುತ್ತಾರೆ. ಎರಡು ಥರದವರೂ ಒಂದೇ ತಂಡದಲ್ಲಿದ್ದಾಗ ಮೊದಲನೆಯವರು ಎರಡನೆಯವರ ಮಾತನ್ನು ಒಪ್ಪಿಗೆ ಅಂದುಕೊಂಡು ಕೆಲಸ ಶುರು ಮಾಡಿಬಿಡುತ್ತಾರೆ. ನೀವು ಎರಡನೆಯ ಗುಂಪಿನವರಾದರೆ ಸಹೋದ್ಯೋಗಿಗಳಿಗೆ ಒಂದು ಪ್ರಶ್ನೆ ಕೊಟ್ಟಿಡಿ: ‘ನಾನು ನೋಡೋಣ ಅಂದ್ರೆ, ಏನು ಅನುಮಾನ ಇದೆ ಅಂತ ಒಂದು ಸಲ ಕೇಳಿ. ಕೇಳಿದರೆ ಹೇಳುತ್ತೇನೆ.’

ನಿಮ್ಮನ್ನು ಹೇಗೆ ಕರೆಯಬೇಕು, ಹೆಸರು ಹಿಡಿದೋ, ಸರ್ ಮೇಡಂ ಅಂತಲೋ, ಹೆಸರಿನ ಉಚ್ಚಾರ ಹೇಗೆ, ಇವನ್ನೂ ಮರೆಯಬೇಡಿ. ಒಂದೇ ಸಾಲು ಸಾಕು.

ಹಂತ 5: ಒಂದು ಪುಟಕ್ಕೆ ಇಳಿಸಿ

ಇದನ್ನೆಲ್ಲ ಬಾಯಿಮಾತಿನಲ್ಲಿ ಹೇಳಬಹುದು. ಆದರೂ ಒಮ್ಮೆ ಬರೆದರೆ ಯೋಚನೆ ತಿಳಿಯಾಗುತ್ತದೆ, ಬೇರೆಬೇರೆ ಊರುಗಳಿಂದ ಕೆಲಸ ಮಾಡುವ ತಂಡಗಳಿಗಂತೂ ಇದು ತುಂಬಾ ಅನುಕೂಲ. ಇಂಥ ಪುಟಕ್ಕೆ ‘ಯೂಸರ್ ಮ್ಯಾನುವಲ್’ ಅನ್ನುತ್ತಾರೆ, ಸಾಫ್ಟ್‌ವೇರ್‌ನವರು ‘ರೀಡ್‌ಮಿ’ ಅಂತಲೂ ಕರೆಯುತ್ತಾರೆ. ಕ್ವೆಸ್ಟ್‌ಬ್ಯಾಕ್ ಕಂಪನಿಯ ಐವರ್ ಕ್ರೋಗ್ರುಡ್ ತಮ್ಮ ಬಗ್ಗೆ ಒಂದು ಪುಟದ ಇಂಥ ಟಿಪ್ಪಣಿ ಬರೆದು ತಂಡದವರಿಗೆ ಕೊಡುತ್ತಿದ್ದರು. 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂದರ್ಶನದಲ್ಲಿ ಅವರು ಅದನ್ನು ವಿವರಿಸಿದ ಮೇಲೆ ಈ ಪದ್ಧತಿ ಬಹಳ ಜನರ ಗಮನಕ್ಕೆ ಬಂತು.

ಒಂದು ಪುಟ ಅಂದರೆ ಒಂದೇ ಪುಟ. ನಾಲ್ಕು ಪುಟ ಬರೆದರೆ ಅದು ಆತ್ಮಕಥೆ, ಯಾರೂ ಓದುವುದಿಲ್ಲ. ಒಂದು ಮಾದರಿ ಕೊಡುತ್ತೇನೆ. ಇದನ್ನು ಹಾಗೇ ನಕಲು ಮಾಡಬೇಡಿ, ಆಕಾರ ಮಾತ್ರ ನೋಡಿ.

> *ನನ್ನ ಜೊತೆ ಕೆಲಸ ಮಾಡುವವರಿಗೆ*
>
> ಬೆಳಗ್ಗೆ 9ರಿಂದ ಸಂಜೆ 5.30ರವರೆಗೆ ಸಿಗುತ್ತೇನೆ. ಸಂಜೆ ಮಗಳನ್ನು ಕರೆದುಕೊಂಡು ಬರಬೇಕು, ಆ ಹೊತ್ತು ಬದಲಾಗುವುದಿಲ್ಲ.
>
> ಚಾಟ್‌ನಲ್ಲಿ ಬರೀ ‘ಹಾಯ್’ ಅಂತ ಕಳಿಸಿ ಕಾಯಬೇಡಿ, ವಿಷಯವನ್ನೂ ಅದರಲ್ಲೇ ಬರೆಯಿರಿ. ನೋಡಿದ ಕೂಡಲೇ ಉತ್ತರ ಕೊಡಲು ಸುಲಭವಾಗುತ್ತದೆ. ಎರಡು ಗಂಟೆಯೊಳಗೆ ಉತ್ತರ ಬರದಿದ್ದರೆ ನನ್ನ ಕಣ್ಣು ತಪ್ಪಿದೆ ಅಂತ ಅರ್ಥ, ಮತ್ತೊಮ್ಮೆ ನೆನಪಿಸಿ, ಬೇಜಾರಿಲ್ಲ.
>
> ಹೊಸ ಕೆಲಸ ಕೊಡುವಾಗ ‘ಇದು ಯಾರಿಗೆ, ಯಾತಕ್ಕೆ’ ಅಂತ ಜಾಸ್ತಿ ಪ್ರಶ್ನೆ ಕೇಳುತ್ತೇನೆ. ಅನುಮಾನದಿಂದ ಅಲ್ಲ. ಯಾತಕ್ಕೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಕಡಿಮೆಯಾಗುತ್ತದೆ.
>
> ನನ್ನ ಕೆಲಸದಲ್ಲಿ ತಪ್ಪು ಕಂಡರೆ ಕಂಡ ದಿನವೇ ಹೇಳಿ. ಮೊದಲು ನಾನು ಸ್ವಲ್ಪ ವಾದ ಮಾಡಬಹುದು. ಮರುದಿನ ತಿದ್ದಿಕೊಂಡು ಬರುತ್ತೇನೆ.
>
> ನಾನು ಇನ್ನೂ ಕಲಿಯುತ್ತಿರುವುದು: ಕೆಲಸ ಹಂಚುವುದು. ನಾನೇ ಎಲ್ಲ ಹಿಡಿದುಕೊಂಡು ಕೂತಿದ್ದು ಕಂಡರೆ ಕೇಳಿ ತೆಗೆದುಕೊಳ್ಳಿ.
>
> ಇದರಲ್ಲಿ ನಿಮಗೆ ಹೊಂದದೆ ಇರುವುದು ಇದ್ದರೆ ಹೇಳಿ. ನಿಮ್ಮ ರೀತಿಯನ್ನೂ ತಿಳಿಸಿ.

‘ನಾನು ಇನ್ನೂ ಕಲಿಯುತ್ತಿರುವುದು’ ಅನ್ನುವ ಸಾಲು ಬಿಡಬೇಡಿ. ಅದಿಲ್ಲದಿದ್ದರೆ ಪುಟದ ತುಂಬಾ ಬೇರೆಯವರೇ ಬದಲಾಗಬೇಕು ಅನ್ನುವ ಧ್ವನಿ ಇರುತ್ತದೆ. ಹಾಗೆಯೇ ‘ನಾನು ಇರೋದೇ ಹೀಗೆ’ ಅನ್ನುವ ಅರ್ಥದ ಸಾಲು ಎಲ್ಲಾದರೂ ನುಸುಳಿದ್ದರೆ ಅಳಿಸಿ. ಕೋಪದಲ್ಲಿ ಕೂಗಾಡುವುದು, ಹೇಳಿದ ಹೊತ್ತಿಗೆ ಬರದಿರುವುದು, ಬೇರೆಯವರ ಮಾತು ಮಧ್ಯೆ ಕಡಿಯುವುದು, ಇವೆಲ್ಲ ಕೆಲಸದ ರೀತಿ ಅಲ್ಲ. ಮೊದಲೇ ಹೇಳಿಬಿಟ್ಟ ಮಾತ್ರಕ್ಕೆ ಅವು ಸರಿಯಾಗುವುದಿಲ್ಲ.

ಹಂತ 6: ಯಾವಾಗ, ಹೇಗೆ ಮಾತು ತೆಗೆಯುವುದು?

ಮೊದಲ ದಿನ ಪರಿಚಯದ ಹೊತ್ತಿನಲ್ಲೇ ಬೇಡ. ಆಗ ಎಲ್ಲರಿಗೂ ಹೆಸರು ನೆನಪಿಟ್ಟುಕೊಳ್ಳುವುದೇ ಕಷ್ಟ. ಅಗತ್ಯಗಳನ್ನು ಬಿಟ್ಟು ಉಳಿದದ್ದಕ್ಕೆ ಎರಡನೆಯ ಮೂರನೆಯ ವಾರ ಸರಿಯಾದ ಸಮಯ. ಅಷ್ಟರಲ್ಲಿ ತಂಡದ ರೂಢಿ ನಿಮಗೂ ಸ್ವಲ್ಪ ಅರ್ಥವಾಗಿರುತ್ತದೆ, ನಿಮ್ಮ ಕೆಲಸವನ್ನೂ ಅವರು ನೋಡಿರುತ್ತಾರೆ.

ಎಲ್ಲರನ್ನೂ ಕೂರಿಸಿ ಭಾಷಣ ಮಾಡಬೇಕಿಲ್ಲ. ದಿನವೂ ಜೊತೆಗೆ ಕೆಲಸ ಮಾಡುವವರ ಹತ್ತಿರ ಒಬ್ಬೊಬ್ಬರಾಗಿ ಮಾತಾಡಿ. ಮತ್ತೆ, ಮೊದಲು ಅವರನ್ನು ಕೇಳಿ. ಇದು ಬರೀ ಸೌಜನ್ಯಕ್ಕಲ್ಲ. ಅವರ ಉತ್ತರ ಕೇಳಿದ ಮೇಲೆ ನಿಮ್ಮ ಪಟ್ಟಿಯಲ್ಲಿ ಅವರಿಗೆ ಬೇಕಾದ ಎರಡೇ ವಿಷಯ ಆರಿಸಿ ಹೇಳಬಹುದು.

‘ನಾವಿಬ್ಬರೂ ಇನ್ನು ಜಾಸ್ತಿ ಒಟ್ಟಿಗೆ ಕೆಲಸ ಮಾಡ್ತೀವಿ ಅಲ್ವಾ, ನಿಮಗೆ ಫೋನ್ ಅನುಕೂಲವೋ, ಚಾಟ್ ಅನುಕೂಲವೋ? ನಿಮ್ಮನ್ನು ಮಾತಾಡಿಸಬಾರದ ಹೊತ್ತು ಯಾವುದಾದರೂ ಇದೆಯಾ?’ ಹೀಗೆ ಶುರು ಮಾಡಿ. ಅವರು ಹೇಳಿ ಮುಗಿಸಿದ ಮೇಲೆ ‘ನನ್ನದೂ ಒಂದೆರಡು ಹೇಳ್ತೀನಿ’ ಅಂತ ನಿಮ್ಮದು ಹೇಳಿ. ಪುಟ ಇದ್ದರೆ ಆಮೇಲೆ ಕಳಿಸಿ. ಮಾತಿಗೆ ಮುಂಚೆ ಬರೀ ಪುಟ ಕಳಿಸಿದರೆ ಅದು ನಿಯಮಾವಳಿಯ ಹಾಗೆ ಕಾಣುತ್ತದೆ.

ಮೇಲಧಿಕಾರಿಯ ಹತ್ತಿರ ಮಾತಾಡುವಾಗ ನಿಮ್ಮ ಇಷ್ಟವನ್ನು ಅವರ ಕೆಲಸಕ್ಕೆ ಜೋಡಿಸಿ ಹೇಳಿ. ‘ಸರ್, ಕೆಲಸ ಎಲ್ಲಿಗೆ ಬಂತು ಅಂತ ದಿನವೂ ಹೇಳಬೇಕಾ, ವಾರಕ್ಕೊಮ್ಮೆ ಬರೆದು ಕಳಿಸಿದರೆ ಸಾಕಾ? ಬರೆದರೆ ನೀವು ಅದನ್ನು ಹಾಗೇ ಮುಂದೆ ಕಳಿಸಬಹುದು.’ ಹೀಗೆ ಆಯ್ಕೆ ಕೊಟ್ಟು ಕೇಳಿದರೆ ಅವರು ಒಂದನ್ನು ಆರಿಸುತ್ತಾರೆ, ನಿಮ್ಮ ಮಾತೂ ಅವರ ಗಮನಕ್ಕೆ ಬಂದಿರುತ್ತದೆ.

ನೀವೇ ಮೇಲಧಿಕಾರಿ ಆಗಿದ್ದರೆ ಹೆಚ್ಚು ಎಚ್ಚರ ಬೇಕು. ನೀವು ಸಹಜವಾಗಿ ‘ನನಗೆ ಬೆಳಗ್ಗೆ ಬೇಗ ಮೀಟಿಂಗ್ ಇಷ್ಟ’ ಅಂದರೂ ಕೈಕೆಳಗಿನವರ ಕಿವಿಗೆ ಅದು ಆದೇಶ. ಯಾರೋ ಒಬ್ಬರು ಅದಕ್ಕಾಗಿ ಇಡೀ ಮನೆಯ ಬೆಳಗನ್ನು ಬದಲಿಸಿಕೊಳ್ಳುತ್ತಾರೆ, ನಿಮಗೆ ಗೊತ್ತೂ ಆಗುವುದಿಲ್ಲ. ಆದ್ದರಿಂದ ನಿಮ್ಮ ಪುಟದಲ್ಲಿ ಯಾವುದು ಕಡ್ಡಾಯ, ಯಾವುದನ್ನು ಅವರು ಬೇಡ ಅನ್ನಬಹುದು ಅಂತ ಬಿಡಿಸಿ ಬರೆಯಿರಿ. ಕಡ್ಡಾಯದ ಪಟ್ಟಿ ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು. ಯಾರಾದರೂ ನಿಜವಾಗಿಯೂ ಬೇಡ ಅಂದ ದಿನ, ಎಲ್ಲರಿಗೂ ಕಾಣುವ ಹಾಗೆ ಅವರ ಮಾತಿಗೆ ಒಪ್ಪಿ. ಅದಾದ ಮೇಲೇ ಉಳಿದವರು ಬಾಯಿ ಬಿಡುತ್ತಾರೆ.

ತಂಡದವರೆಲ್ಲ ಇಂಥ ಪುಟ ಬರೆಯಲೇಬೇಕು ಅಂತ ಹೇರಬೇಡಿ. ತನ್ನ ಬಗ್ಗೆ ಬರೆಯಲು ಇಷ್ಟ ಇಲ್ಲದವರು ಇರುತ್ತಾರೆ. ಅವರಿಗೆ ಎರಡು ಪ್ರಶ್ನೆ ಕೇಳಿ ಉತ್ತರ ನೆನಪಿಟ್ಟುಕೊಂಡರೆ ಸಾಕು.

ಹಂತ 7: ಇಬ್ಬರ ರೀತಿ ಹೊಂದದಿದ್ದರೆ

ಒಬ್ಬರಿಗೆ ಏನೇ ಇದ್ದರೂ ಫೋನ್ ಮಾಡಿ ಮಾತಾಡಬೇಕು. ಇನ್ನೊಬ್ಬರಿಗೆ ಫೋನ್ ಗಂಟೆ ಬಾರಿಸಿದರೆ ಕೆಲಸವೇ ನಿಂತುಹೋಗುತ್ತದೆ. ಇಲ್ಲಿ ‘ಅರ್ಧ ನಿಮ್ಮದು, ಅರ್ಧ ನನ್ನದು’ ಅಂತ ಹಂಚಿಕೊಂಡರೆ ಇಬ್ಬರಿಗೂ ನೆಮ್ಮದಿ ಇರುವುದಿಲ್ಲ. ವ್ಯಕ್ತಿಯನ್ನು ಬದಿಗಿಟ್ಟು ಕೆಲಸದ ಬಗೆ ನೋಡಿ ತೀರ್ಮಾನ ಮಾಡಿ.

ಒಂದು ಸಾಲಿನಲ್ಲಿ ಉತ್ತರ ಕೊಡಬಹುದಾದ ವಿಷಯ ಚಾಟ್‌ನಲ್ಲಿ. ಆಮೇಲೆ ಯಾರಾದರೂ ಹುಡುಕಬೇಕಾದ ತೀರ್ಮಾನ, ಅಂಕಿ, ದಿನಾಂಕ ಇಮೇಲ್‌ನಲ್ಲಿ. ಮೂರು ಸಲ ಬರೆದರೂ ಅರ್ಥವಾಗದ್ದು, ಮನಸ್ತಾಪ ಆಗುವ ಸೂಚನೆ ಇರುವಂಥದ್ದು ಫೋನ್‌ನಲ್ಲಿ ಅಥವಾ ಎದುರಿಗೆ. ಫೋನ್ ಇಷ್ಟಪಡುವವರು ಕರೆ ಮಾಡುವ ಮುಂಚೆ ‘ಹತ್ತು ನಿಮಿಷ ಮಾತಾಡಬೇಕಿತ್ತು, ಯಾವಾಗ ಆಗುತ್ತೆ?’ ಅಂತ ಒಂದು ಸಾಲು ಕಳಿಸಲಿ. ಬರಹ ಇಷ್ಟಪಡುವವರು ಅವತ್ತೇ ಒಂದು ಹೊತ್ತು ಕೊಡಲಿ. ಮಾತು ಮುಗಿದ ಮೇಲೆ ತೀರ್ಮಾನವನ್ನು ಎರಡು ಸಾಲಿನಲ್ಲಿ ಬರೆದಿಡುವ ಕೆಲಸ ಯಾರದ್ದು ಅಂತಲೂ ಮೊದಲೇ ಮಾತಾಡಿಕೊಳ್ಳಿ. ಇದನ್ನು ಮರೆತರೆ ಒಂದೇ ಮಾತುಕತೆಯಿಂದ ಇಬ್ಬರೂ ಎರಡು ಬೇರೆ ತೀರ್ಮಾನ ಹೊತ್ತುಕೊಂಡು ಹೋಗುತ್ತಾರೆ.

ಒಬ್ಬರ ಅಗತ್ಯಕ್ಕೂ ಇನ್ನೊಬ್ಬರ ಇಷ್ಟಕ್ಕೂ ಜಗಳ ಬಂದರೆ ಅಗತ್ಯವೇ ಗೆಲ್ಲಬೇಕು, ಇದರಲ್ಲಿ ಚರ್ಚೆ ಬೇಡ. ಎರಡೂ ಅಗತ್ಯಗಳೇ ಆಗಿದ್ದರೆ ನೀವಿಬ್ಬರೇ ಎಳೆದಾಡದೆ ತಂಡದ ಮುಖ್ಯಸ್ಥರನ್ನು ಕರೆಯಿರಿ. ಕೆಲಸದ ಹಂಚಿಕೆ ಬದಲಿಸಬೇಕಾಗಬಹುದು, ಅದು ಅವರ ಕೈಯಲ್ಲಿರುವ ವಿಷಯ.

ಹಂತ 8: ಹೇಳಿದ ಮೇಲೆ

ಒಮ್ಮೆ ಹೇಳಿದ ಕೂಡಲೇ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ ಅಂದುಕೊಳ್ಳಬೇಡಿ. ಮೊದಲ ಕೆಲವು ಸಲ ತಪ್ಪುತ್ತಾರೆ. ಆಗ ‘ಮೊನ್ನೆಯೇ ಹೇಳಿದ್ದೆನಲ್ಲ’ ಅನ್ನುವ ಬದಲು ಮಾಡಿ ತೋರಿಸಿ. 11 ಗಂಟೆಗೆ ಸಂದೇಶ ಬಂದರೆ 12ಕ್ಕೆ ಸರಿಯಾಗಿ ಉತ್ತರ ಕೊಡಿ. ನಾಲ್ಕೈದು ಸಲ ಹೀಗಾದರೆ ಅವರೇ 12ಕ್ಕೆ ಕಾಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಒಬ್ಬರೇ ಇದ್ದಾಗ ನೇರವಾಗಿ ಕೇಳಿ: ‘ಬೆಳಗ್ಗೆ ಹೊತ್ತು ನಿಮಗೆ ನನ್ನಿಂದ ಏನೋ ಬೇಕಾಗುತ್ತಿದೆ ಅನಿಸುತ್ತೆ, ಬೇರೆ ದಾರಿ ಹುಡುಕೋಣವಾ?’ ಎಷ್ಟೋ ಸಲ ನಿಮ್ಮ ನಿಯಮ ಅವರ ಕೆಲಸಕ್ಕೆ ಅಡ್ಡಿಯಾಗುತ್ತಿರುತ್ತದೆ, ಹೇಳಲು ಅವರಿಗೆ ಸಂಕೋಚ.

ನೀವು ಬರೆದ ಮಾತನ್ನು ನೀವೇ ಮುರಿದರೆ ಆ ಪುಟಕ್ಕೆ ಬೆಲೆ ಇಲ್ಲ. ‘ತಪ್ಪು ಕಂಡ ದಿನವೇ ಹೇಳಿ’ ಅಂತ ಬರೆದು, ಹೇಳಿದವರ ಜೊತೆ ವಾರಗಟ್ಟಲೆ ಮಾತು ಬಿಟ್ಟರೆ ಮುಂದೆ ಯಾರೂ ಹೇಳುವುದಿಲ್ಲ. ಪಾಲಿಸಲು ಆಗದ ಸಾಲು ಇದ್ದರೆ ಅದನ್ನು ತೆಗೆದುಬಿಡುವುದೇ ಮರ್ಯಾದೆ.

ಪುಟದ ಕೆಳಗೆ ದಿನಾಂಕ ಹಾಕಿ. ಮನೆಯ ಪರಿಸ್ಥಿತಿ, ಕೆಲಸದ ಹೊತ್ತು, ಆರೋಗ್ಯ ಬದಲಾದಾಗ ಅದನ್ನೂ ಬದಲಿಸಿ, ಏನು ಬದಲಾಯಿತು ಅಂತ ಒಂದು ಸಾಲಿನಲ್ಲಿ ತಂಡಕ್ಕೆ ತಿಳಿಸಿ. ಒಂದು ತಿಂಗಳಾದ ಮೇಲೆ ಹತ್ತಿರದಿಂದ ಕೆಲಸ ಮಾಡುವ ಇಬ್ಬರನ್ನು ಕೇಳಿ: ‘ನಾನು ಬರೆದದ್ದಕ್ಕೂ ನಾನು ನಡೆದುಕೊಳ್ಳುವುದಕ್ಕೂ ಎಲ್ಲಿ ವ್ಯತ್ಯಾಸ ಕಾಣಿಸ್ತು?’ ಅವರು ತೋರಿಸಿದ ಸಾಲನ್ನು ಅವತ್ತೇ ತಿದ್ದಿ, ತಿದ್ದಿದ ಪುಟವನ್ನು ಮೊದಲು ಅವರಿಗೇ ಕಳಿಸಿ.